ಅಪ್ಪನ ಗೇಟು ಮತ್ತು ತೋನೆ ನದಿ

ಹೋದ ತಿಂಗಳು ಕುಷ್ಟಗಿಯಿಂದ ಗಂಗಾವತಿಗೆ ಬಸ್ಸಿನಲ್ಲಿ ಹೊರಟಿದ್ದೆ. ಊರು ಇನ್ನೂ ನಾಲ್ಕೈದು ಮೈಲಿ ಇರುವಾಗ ಕಾಲುವೆಯ ಸೇತುವೆ ಬರುತ್ತದೆ. ನೀರು ನಿಲ್ಲಿಸಿ ವಾರವಾಗಿತ್ತೇನೋ, ತಳದ ರಾಡಿ ಬಿಸಿಲಿಗೆ ಬಿರಿಯತೊಡಗಿತ್ತು. ಪಾಚಿ, ಶಂಖದ ಹುಳು, ತಗ್ಗಿನಲ್ಲಿ ಉಳಿದು ಸತ್ತ ಮೀನು, ಎಲ್ಲ ಸೇರಿದ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಮುಂದಿನ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಕಂಡಕ್ಟರ್ "ಗ್ಲಾಸ್ ಎಳೀರಿ" ಎಂದು ಕೂಗಿದ. ನನಗೆ ಆ ವಾಸನೆಗೆ ಜಪಾನ್ ನೆನಪಾಗುತ್ತದೆ. ಯಾರಿಗಾದರೂ ಹೇಳಿದರೆ ನಕ್ಕಾರು, ಅದಕ್ಕೇ ಹೇಳುವುದಿಲ್ಲ.

ಜಪಾನಿಗೆ ನಾನು ಹೋದವಳಲ್ಲ. ಕುಷ್ಟಗಿ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಾನು ಕಂಡ ದೂರದ ಊರೆಂದರೆ ಹೈದರಾಬಾದು, ಅದೂ ಮದುವೆಯೊಂದರ ನೆಪದಲ್ಲಿ. ಆದರೂ ತೋನೆ ಎಂಬ ಜಪಾನಿನ ನದಿಯ ಬಗ್ಗೆ ಈ ಜಿಲ್ಲೆಯಲ್ಲಿ ನನ್ನಷ್ಟು ತಿಳಿದವರು ಇರಲಿಕ್ಕಿಲ್ಲ. ನನ್ನ ನಂತರ ನಮ್ಮಪ್ಪನಿಗೆ ಗೊತ್ತು.

ಐದು ವರ್ಷದ ಹಿಂದಿನ ಮಾತು. ಆ ವರ್ಷ ಭತ್ತದ ನಾಟಿ ಮುಗಿದು ವಾರದೊಳಗೆ ನನ್ನ ತಮ್ಮ ಮಂಜ ಕಾಲುವೆಯ ಪಾಲಾದ. ಇಪ್ಪತ್ತಾರು ವರ್ಷದವನು, ಅಕ್ಕಿ ಗಿರಣಿಯಲ್ಲಿ ಮಷೀನು ನೋಡಿಕೊಳ್ಳುತ್ತಿದ್ದ. ಭಾನುವಾರ ಬೈಕು ತೊಳೆಯಲೆಂದು ಬಕೆಟ್ಟಿನಲ್ಲಿ ನೀರು ಮೊಗೆಯಲು ಬಗ್ಗಿದವನು ಜಾರಿದ. ಈಜು ಬರುತ್ತಿತ್ತು. ಆದರೆ ಕಾಲುವೆಯ ಇಳಿಜಾರು ಗೋಡೆಗೆ ಸಿಮೆಂಟು ಬಳಿದಿರುತ್ತದೆ. ಅದರ ಮೇಲೆ ಪಾಚಿ ಕಟ್ಟಿದರೆ ಎಂಥ ಈಜುಗಾರನಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ನಮ್ಮ ಕಡೆ ಇದು ಪ್ರತಿ ಮನೆಗೂ ಗೊತ್ತು. ನಮ್ಮ ಮನೆಗೆ ಇನ್ನೂ ಹೆಚ್ಚು ಗೊತ್ತಿತ್ತು, ಯಾಕೆಂದರೆ ಆ ಉಪಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸ ನಮ್ಮಪ್ಪನದೇ. ನೀರಾವರಿ ಇಲಾಖೆಯ ಕಾಗದದಲ್ಲಿ ಲಸ್ಕರ್, ರೈತರ ಬಾಯಲ್ಲಿ ಗೇಟಿನ ಯಮನೂರಪ್ಪ.

ಕಾಲುವೆಗೆ ಯಾರಾದರೂ ಬಿದ್ದರೆ ಹೆಣ ಸಿಗುವ ತನಕ ಮೇಲಿನ ಗೇಟು ಇಳಿಸಿಡುವುದು ನಮ್ಮಲ್ಲಿಯ ಪದ್ಧತಿ. ನೀರು ಬತ್ತುತ್ತಾ ಹೋಗಿ ತಳ ಕಾಣುತ್ತದೆ, ಹೋದವರು ಸಿಗುತ್ತಾರೆ. ನೀರಿಗಾಗಿ ಕೊಡಲಿ ಹಿಡಿದು ನಿಲ್ಲುವ ರೈತ ಕೂಡ ಆ ಎರಡು ಮೂರು ದಿನ ಬಾಯಿ ತೆರೆಯುವುದಿಲ್ಲ. ಯಾರ ಯಾರದೋ ಮಕ್ಕಳಿಗಾಗಿ ಅಪ್ಪ ಹಾಗೆ ಎಷ್ಟೋ ಸಲ ಗೇಟು ಇಳಿಸಿ ಕಾದಿದ್ದ. ಮಂಜನಿಗಾಗಿಯೂ ಸೋಮವಾರ ಇಳಿಸಿದ. ನಾನು ಸುದ್ದಿ ಕೇಳಿ ಬಂದು ಮುಟ್ಟಿದಾಗ ಅವ್ವ ಸೇತುವೆಯ ಕಟ್ಟೆಯ ಮೇಲೆ ಕೂತು ನೀರನ್ನೇ ನೋಡುತ್ತಿದ್ದಳು. ಎರಡು ದಿನ ಅಲ್ಲಿಂದ ಏಳಲಿಲ್ಲ. ಬುಧವಾರ ಬೆಳಿಗ್ಗೆ, ಇನ್ನೇನು ಮೊಣಕಾಲುದ್ದ ನೀರು ಉಳಿದಿದೆ ಅನ್ನುವಾಗ, ಅಪ್ಪ ಯಾರನ್ನೂ ಕೇಳದೆ ಗೇಟು ಎತ್ತಿಬಿಟ್ಟ.

ಸಂಜೆಗೆ ಮಂಜ ಹತ್ತು ಹನ್ನೊಂದು ಮೈಲಿ ಕೆಳಗೆ, ಕಾಲುವೆಯ ಕೊನೆಯ ಹಳ್ಳಿಯವರಿಗೆ ಸಿಕ್ಕ. ಅಪ್ಪ ಒಬ್ಬನೇ ಹೋದ. ಮರುದಿನ ಆಸ್ಪತ್ರೆಯ ಕೆಲಸ ಮುಗಿಸಿ ಹೊಸ ಧೋತರದಲ್ಲಿ ಬಿಗಿಯಾಗಿ ಸುತ್ತಿ ತಂದರು. ಮುಖ ತೋರಿಸಲಿಲ್ಲ. ಅವ್ವ ಆ ಬಟ್ಟೆಯ ಮೇಲೆ ಕೈಯಿಟ್ಟು ಕೂತಳು. ಒಂದು ತಾಸಿನಲ್ಲಿ ಮಣ್ಣಾಯಿತು.

ಊರು ತನ್ನ ಲೆಕ್ಕದಲ್ಲಿ ಮಾತಾಡಿತು. ಕಾಲುವೆಯ ಕೊನೆಯ ರೈತರ ನಾಟಿ ಒಣಗಬಾರದೆಂದು ಯಮನೂರಪ್ಪ ಮಗನ ಹೆಣ ಸಿಗುವ ಮೊದಲೇ ನೀರು ಬಿಟ್ಟ, ಅಂಥ ದೊಡ್ಡ ಮನುಷ್ಯ ಎಂದಿತು. ದೊಡ್ಡ ಮನುಷ್ಯ ಅನ್ನುವುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನೂ ನಂಬಿದೆ. ಕಂಡವರ ಮಕ್ಕಳಿಗೆ ಕಾದವನು ಸ್ವಂತ ಮಗನಿಗೆ ಇನ್ನೊಂದು ಮಧ್ಯಾಹ್ನ ಕಾಯಲಿಲ್ಲ. ಯಾಕೆ ಎಂದು ಕೇಳಬೇಕು ಅನ್ನಿಸುತ್ತಿತ್ತು. ಕೇಳಿ, ಅವನು ನಾಟಿಗಾಗಿಯೇ ಎಂದುಬಿಟ್ಟರೆ ಮತ್ತೆ ಆ ಮನೆಯಲ್ಲಿ ಊಟ ಮಾಡಲು ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೆ ಕೇಳಲಿಲ್ಲ.

ಅಳುವೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದರೆ ವಸಡು ಮರಗಟ್ಟುತ್ತದಲ್ಲ, ಹಾಗೆ ಇಡೀ ಮೈ. ಬಂದವರು ನನ್ನ ಕೈ ಹಿಡಿದು ಅಳುತ್ತಿದ್ದರು, ನಾನು ಅವರ ಬಳೆ ನೋಡುತ್ತಿದ್ದೆ. ಅವ್ವನ ತವರು ಹುಲಿಹೈದರದಿಂದ ಬಂದ ಚಿಕ್ಕಮ್ಮ, "ಅತ್ತುಬಿಡವ್ವ, ಹಗುರಾಕ್ಕೈತಿ" ಎಂದು ಬೆನ್ನು ಸವರಿದಳು. ಹಗುರಾಗುವಂಥ ಭಾರವೇ ನನ್ನೊಳಗೆ ಇರಲಿಲ್ಲ. ಮುಖ ನೋಡದೆ ಮಣ್ಣು ಮಾಡಿದ್ದರಿಂದ ಅದು ಬೇರೆ ಯಾರದೋ ಮನೆಯ ಸಾವಿನ ಹಾಗಿತ್ತು.

ಆಗಲೇ ಕೊಪ್ಪಳದ ಶಿಕ್ಷಣ ಕಚೇರಿಯಿಂದ ಫೋನು ಬಂತು. ಶಾಲೆಯ ಗ್ರಂಥಾಲಯಗಳಿಗಾಗಿ ಲೋಕದ ನದಿಗಳ ಬಗ್ಗೆ ಸಣ್ಣ ಸಣ್ಣ ಪುಸ್ತಕ ಬರೆಸುವ ಕೆಲಸಕ್ಕೆ ಬೇಸಿಗೆಯಲ್ಲೇ ನನ್ನ ಹೆಸರು ಸೇರಿತ್ತು. ನಾನು ಹೋಗುವಷ್ಟರಲ್ಲಿ ಬೇರೆ ಶಿಕ್ಷಕರು ನೈಲ್, ಗಂಗೆ, ಅಮೆಜಾನ್ ಎಲ್ಲ ಹಂಚಿಕೊಂಡಾಗಿತ್ತು. ತೋನೆ ಎಂದು ಬರೆದ, ಉಳಿದ ಒಂದೇ ಚೀಟಿಯನ್ನು ಆ ಕೆಲಸ ನೋಡಿಕೊಳ್ಳುವ ಮೇಡಮ್ಮು ನನ್ನ ಮುಂದೆ ಸರಿಸಿದರು.

"ಯಾರೂ ತಗೊಳ್ಲಿಲ್ರಿ ಇದನ್ನ. ನಿಮ್ಮ ಮನಿಯಾಗ ಹಿಂಗಾಗೈತಿ, ಬ್ಯಾಡಾದ್ರ ಬಿಡ್ರಿ," ಎಂದರು.

"ಕೊಡ್ರಿ, ಬರೀತೀನಿ," ಎಂದೆ. ಅದು ನೀರಿನ ವಿಷಯ ಎನ್ನುವುದೂ ಆ ಕ್ಷಣ ನನ್ನ ತಲೆಗೆ ಹೋಗಿರಲಿಲ್ಲ. ದೀಪಾವಳಿಯ ತನಕ ಮನೆಯಿಂದಲೇ ಕೆಲಸ ಮಾಡಬಹುದು ಎಂಬುದಷ್ಟೇ ಕೇಳಿಸಿತ್ತು.

ಕಾಲುವೆಯ ಪಕ್ಕದ ಇಲಾಖೆಯ ಮನೆ ನಮ್ಮದು, ಎರಡು ಕೋಣೆ, ಮುಂದೊಂದು ಕಟ್ಟೆ. ಬೆಳಿಗ್ಗೆ ಕಟ್ಟೆಯ ಮೇಲೆ ಅಟ್ಲಾಸು, ಮೇಡಮ್ಮು ಕೊಟ್ಟ ಇಂಗ್ಲಿಷ್ ಹಾಳೆಗಳು, ಒಂದು ನೂರು ಪುಟದ ನೋಟ್‌ಬುಕ್ ಹರಡಿಕೊಂಡು ಕೂರುತ್ತಿದ್ದೆ. ಮೋಡ ಇರುತ್ತಿತ್ತು, ಮಳೆ ಕಡಿಮೆ. ನಮ್ಮ ಕಡೆಯ ಮಳೆಗಾಲವೆಂದರೆ ಎಲ್ಲೋ ಮೇಲೆ ಬಿದ್ದ ಮಳೆ ಕಾಲುವೆಯಲ್ಲಿ ಬರುವುದು, ಅಷ್ಟೆ. ಹತ್ತು ಗಂಟೆಗೆ ಅಪ್ಪ ಗೇಟಿನಿಂದ ಬಂದು ಕಂಬಕ್ಕೆ ಒರಗುತ್ತಿದ್ದ. ಮಾತಿರಲಿಲ್ಲ. ಆ ಮೌನ ತಡೆಯಲಾಗದೆ ಒಂದು ದಿನ ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಯಾರಿಗೆಂದು ಓದಿದೆನೋ ಗೊತ್ತಿಲ್ಲ.

ತೋನೆ ನದಿ ಜಪಾನಿನ ದೊಡ್ಡ ದ್ವೀಪದ ನಡುವಿನ ಓಮಿನಾಕಾಮಿ ಎಂಬ ಬೆಟ್ಟದಲ್ಲಿ ಹುಟ್ಟುತ್ತದೆ. ಚಳಿಗಾಲದಲ್ಲಿ ಅಲ್ಲಿ ಬಿದ್ದ ಹಿಮ ವಸಂತದಲ್ಲಿ ಕರಗಿ ಕಣಿವೆಗೆ ಇಳಿಯುತ್ತದೆ. ಬೆಟ್ಟ ದಾಟಿದ ಮೇಲೆ ಕಾಂತೋ ಎಂಬ ಬಯಲು, ಆ ದೇಶದ ಅತಿ ದೊಡ್ಡ ಬಯಲು. ಅಲ್ಲಿ ಗದ್ದೆಗಳ ನಡುವೆ ಹರಿದು ಚೋಶಿ ಎಂಬ ಊರಿನ ಹತ್ತಿರ ಪೆಸಿಫಿಕ್ ಸಾಗರ ಸೇರುತ್ತದೆ. ಉದ್ದ ಮುನ್ನೂರ ಇಪ್ಪತ್ತೆರಡು ಕಿಲೋಮೀಟರು.

"ನಮ್ಮ ಎಡದಂಡಿ ಕಾಲುವಿಗಿಂತ ಉದ್ದ ಆತು," ಎಂದ ಅಪ್ಪ. ಮೂರು ವಾರದಲ್ಲಿ ಊಟ, ಸ್ನಾನ ಬಿಟ್ಟು ಅವನು ನನ್ನೊಡನೆ ಆಡಿದ ಮೊದಲ ಮಾತು.

ಮರುದಿನ ನಾನು ನಕ್ಷೆ ಬಿಡಿಸುತ್ತಿದ್ದೆ. ಬೆಟ್ಟದ ಹತ್ತಿರ ಸಣ್ಣ ಗೆರೆ, ಸಮುದ್ರದ ಹತ್ತಿರ ದಪ್ಪ. ಅಪ್ಪ ಬಗ್ಗಿ ನೋಡಿ ತಲೆಯಾಡಿಸಿದ.

"ಉಲ್ಟಾ ತಗದೀಯಲ್ಲವ್ವ. ತಲಿಕಡೆ ಅಗಲ ಇರಬೇಕು, ಟೇಲಿಗೆ ಹೋದಂಗ ಸಣ್ಣ ಆಗಬೇಕು."

"ಯಪ್ಪಾ, ಇದು ಕಾಲುವಿ ಅಲ್ಲ, ನದಿ. ದಾರ್ಯಾಗ ಬ್ಯಾರೆ ಬ್ಯಾರೆ ನದಿ ಬಂದು ಕೂಡ್ತಾವ. ಕೊನಿಗೆ ಹೋದಂಗ ನೀರು ಹೆಚ್ಚಾಗತೈತಿ."

ಅಪ್ಪ ನಕ್ಷೆಯನ್ನು ಬಹಳ ಹೊತ್ತು ನೋಡಿದ. ಮೂವತ್ತೊಂದು ವರ್ಷ ಅವನು ನೀರನ್ನು ಹಂಚಿದವನು. ತಲೆಯಲ್ಲಿ ತುಂಬಿ ಬಂದದ್ದು ತೂಬು ತೂಬಿಗೆ ಸೋರಿ ಟೇಲಿನಲ್ಲಿ, ಎಂದರೆ ಕಾಲುವೆಯ ಕೊನೆಯಲ್ಲಿ, ಬೆರಳುದಪ್ಪ ಆಗುವುದನ್ನೇ ಕಂಡವನು. ತುಂಗಭದ್ರೆ ಕೂಡ ಡ್ಯಾಮಿನ ಕೆಳಗೆ ಬೇಸಿಗೆಯಲ್ಲಿ ಬಂಡೆಗಳ ನಡುವೆ ಬಡಕಲಾಗಿ ಬಿದ್ದಿರುತ್ತಾಳೆ. ಅವನಿಗೆ ನೀರೆಂದರೆ ಹೋದಂತೆಲ್ಲ ಕಡಿಮೆಯಾಗುವ ವಸ್ತು.

"ಹಂಗಾರ ಅಲ್ಲಿ ಟೇಲಿನವ್ರು ಜಗಳಕ್ಕ ಬರಂಗಿಲ್ಲನು?" ಎಂದು ಕೇಳಿದ.

ನನಗೆ ನಗು ಬಂತು. ಬಂದ ಮೇಲೆ ನಾಚಿಕೆಯಾಯಿತು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವುದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಅಂದಿನಿಂದ ತೋನೆಯ ಪಾಠ ನಮ್ಮ ಮನೆಯ ದಿನಚರಿಯಾಯಿತು.

ಅವ್ವ ಹೊರಗೆ ಬರುತ್ತಿರಲಿಲ್ಲ, ಒಳಗಿಂದಲೇ ಕೇಳಿಸಿಕೊಳ್ಳುತ್ತಿದ್ದಳು. ಜಪಾನಿನವರು ತೋನೆಯನ್ನು ಬಾಂದೋ ತಾರೋ ಎಂದು ಕರೆಯುತ್ತಾರೆ, ಪೂರ್ವ ಸೀಮೆಯ ಹಿರಿಮಗ ಎಂದರ್ಥ, ಬೇರೆ ಎರಡು ನದಿಗಳು ಇದರ ನಡುವಿನ ತಮ್ಮ ಮತ್ತು ಕಿರಿಯ ತಮ್ಮ ಎಂದು ಓದಿದ ದಿನ ಬಾಗಿಲ ಹಿಂದಿನಿಂದ ಅವಳ ದನಿ ಬಂತು.

"ನದಿಗೆ ಮಗ ಅಂತಾರ? ನಾವು ಅವ್ವ ಅಂತೀವಿ."

"ಹೌದವ್ವ. ಸಿಟ್ಟು ಬಂದ್ರ ಮನಿ ಮುರೀತಾನ ಅಂತ ಇರಬೇಕು."

ಒಬ್ಬನೇ ಮಗನನ್ನು ನೀರಿಗೆ ಕೊಟ್ಟವಳ ಮುಂದೆ ಇದನ್ನು ಓದಬಾರದಿತ್ತು ಎಂದು ಆಮೇಲೆ ಹೊಳೆಯಿತು. ಹೊಳೆದರೂ ನೋವಾಗಲಿಲ್ಲ. ಇಂಥ ಕಡೆ ನೋವಾಗಬೇಕು ಎಂಬ ತಿಳಿವಳಿಕೆ ಮಾತ್ರ ಇತ್ತು.

ಅಪ್ಪನನ್ನು ಹಿಡಿದು ಕೂರಿಸಿದ್ದು ನದಿ ತಿರುಗಿಸಿದ ಕತೆ. ನಾನೂರು ವರ್ಷದ ಹಿಂದೆ ತೋನೆ ಈಗಿನ ದಾರಿಯಲ್ಲಿ ಹರಿಯುತ್ತಿರಲಿಲ್ಲ. ದಕ್ಷಿಣಕ್ಕೆ ಇಳಿದು, ಎದೋ ಎಂಬ ಪಟ್ಟಣದ ಪಕ್ಕದ ಕೊಲ್ಲಿಗೆ ಬೀಳುತ್ತಿತ್ತು. ಆ ಎದೋ ಊರೇ ಈಗಿನ ಟೋಕಿಯೊ. ಆಳುವವರು ಅಲ್ಲಿ ಕೋಟೆ ಕಟ್ಟಿ ಕೂತ ಮೇಲೆ ನದಿಯನ್ನು ಪೂರ್ವಕ್ಕೆ ತಿರುಗಿಸತೊಡಗಿದರು. ಹಳೆಯ ಪಾತ್ರಕ್ಕೆ ಒಡ್ಡು, ಹೊಸ ಕಡೆಗೆ ಅಗೆತ, ಅಲ್ಲಿ ಮೊದಲೇ ಇದ್ದ ನದಿಗಳಿಗೆ ಇದನ್ನು ಜೋಡಿಸುವುದು. ಹತ್ತಾರು ವರ್ಷ ಗುದ್ದಲಿಯಲ್ಲೇ ನಡೆದ ಕೆಲಸ. ಪಟ್ಟಣವನ್ನು ಪ್ರವಾಹದಿಂದ ಉಳಿಸಲು ಎನ್ನುವವರಿದ್ದಾರೆ, ಹೊಸ ಗದ್ದೆಗೆ ಎನ್ನುವವರಿದ್ದಾರೆ, ಉತ್ತರದ ಅಕ್ಕಿ ಹೊತ್ತ ದೋಣಿಗಳು ಚೋಶಿಯಿಂದ ನದಿಯೊಳಗೇ ಪಟ್ಟಣ ಮುಟ್ಟಲಿ ಎಂದು ಮಾಡಿದ್ದು ಎನ್ನುವವರೂ ಇದ್ದಾರೆ. ದೋಣಿಗಳಂತೂ ಬಂದವು. ದಂಡೆಯ ಊರುಗಳಲ್ಲಿ ಸೋಯಾ ಸಾಸ್ ಮಾಡುವ ದೊಡ್ಡ ದೊಡ್ಡ ಮನೆತನಗಳು ಎದ್ದವು.

"ಅತ್ಲಾಗ ತಿರುವಿದ್ರಲ್ಲ, ಅಲ್ಲಿ ಇದ್ದವ್ರಿಗೆ ಏನಾತು?" ಇದು ಅಪ್ಪನ ಪ್ರಶ್ನೆ. ನನ್ನ ಇಂಗ್ಲಿಷ್ ಹಾಳೆಗಳು ಇದನ್ನು ಮೂರೇ ಸಾಲಿನಲ್ಲಿ ಮುಗಿಸಿದ್ದವು. ಕೆಳಗಿನ ಹಳ್ಳಿಗಳಿಗೆ ಹಿಂದೆ ಇಲ್ಲದ ಪ್ರವಾಹ ಬರತೊಡಗಿತು ಎಂದಷ್ಟೇ ಇತ್ತು. ಅಪ್ಪನಿಗೆ ಅದು ಸಾಲಲಿಲ್ಲ. ಯಾರಿಗೆ ಮೊದಲು ಹೇಳಿದ್ದರು, ಯಾರ ಹುಕುಂ, ಒಡ್ಡು ಕಾಯುವವರು ಯಾರು ಎಂದು ಕೇಳುತ್ತ ಹೋದ. ಒಡ್ಡು ಕಾಯುವವನ ಹೆಸರು ಯಾವ ಚರಿತ್ರೆಯಲ್ಲೂ ಇರುವುದಿಲ್ಲ ಎಂದೆ. "ಅದು ಖರೆ," ಎಂದು ಎದ್ದು ಗೇಟಿಗೆ ಹೋದ.

ಎರಡನೇ ಮಹಾಯುದ್ಧ ಮುಗಿದು ಎರಡು ವರ್ಷಕ್ಕೆ ಒಂದು ಚಂಡಮಾರುತ ಬಂದು ತೋನೆಯ ಒಡ್ಡು ಒಡೆಯಿತು. ನುಗ್ಗಿದ ನೀರು ಬೇರೆಲ್ಲೂ ಹೋಗದೆ ಮುನ್ನೂರು ವರ್ಷದ ಹಿಂದಿನ ಹಳೆಯ ದಾರಿಯನ್ನೇ ಹಿಡಿದು ಟೋಕಿಯೊದ ಪೂರ್ವದ ಕೇರಿಗಳನ್ನು ಮುಳುಗಿಸಿತು. ಇದನ್ನು ಓದಿದಾಗ ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ. ತಗ್ಗು ಅಲ್ಲೇ ಇತ್ತಲ್ಲ, ಮತ್ತೆಲ್ಲಿ ಹೋದೀತು ಎಂದ. ಈಗ ಮೇಲೆ ಅಣೆಕಟ್ಟುಗಳಿವೆ, ಟೋಕಿಯೊ ಕುಡಿಯುವ ನೀರಿನ ಬಹುಪಾಲು ಆ ಕಡೆಯಿಂದಲೇ ಬರುತ್ತದೆ ಎಂದೂ ಹೇಳಿದೆ. ಊರಿಂದ ದೂರ ಅಟ್ಟಿದ ನದಿಯ ನೀರನ್ನೇ ಮತ್ತೆ ನಳದಲ್ಲಿ ಕರೆತಂದರೇ ಎಂದು ಅವನಿಗೆ ಸ್ವಲ್ಪ ನಗು ಬಂತು.

ದಸರೆ ಮುಗಿದ ಮೇಲೆ ಕಾಲುವೆಯ ಕೊನೆಯ ಹಳ್ಳಿಯಿಂದ ಶರಣಪ್ಪಗೌಡರು ನಾಲ್ಕು ಜನರನ್ನು ಕರೆದುಕೊಂಡು ಬಂದರು. ಮಂಜನನ್ನು ನೀರಿನಿಂದ ತೆಗೆದವರೂ ಅವರೇ. ಕೈಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ.

"ಆವತ್ತು ನೀವು ನೀರು ಬಿಡದಿದ್ರ ನಮ್ಮ ನಾಟಿ ಸುಟ್ಟು ಹೋಗ್ತಿತ್ರಿ ಯಮನೂರಪ್ಪ," ಎಂದರು ಗೌಡರು. "ಈಗ ನೆಲ್ಲು ಎದಿಮಟ ನಿಂತೈತಿ. ಹೊಟ್ಟ್ಯಾಗಿನ ಬೆಂಕಿ ನುಂಗಿ ನಮ್ಮನ್ನ ಉಳಿಸೀರಿ."

ಅಪ್ಪ ತಲೆ ಬಗ್ಗಿಸಿ ಶಾಲು ಹೊದಿಸಿಕೊಂಡ. "ನೆಲ್ಲು ಛಲೋ ಬಂತಲ್ಲ, ಸಾಕ್ರಿ," ಎಂದು ಚಹಾ ಕೊಡಿಸಿದ. ನಾನು ಒಳಗಿದ್ದೆ. ಆ ದಿನಗಳಲ್ಲಿ ನನಗೆ ಏನಾದರೂ ಅನ್ನಿಸಿದ್ದರೆ ಅದು ಆ ಗಳಿಗೆಯಲ್ಲಿ. ಸಿಟ್ಟು. ಮಗನನ್ನು ಕೊಟ್ಟು ಶಾಲು ತಗೊಂಡ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಇವತ್ತು ಅದನ್ನು ನೆನೆದರೆ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ, ಆಡದಿದ್ದರೂ.

ಮರುದಿನ ಬೆಳಿಗ್ಗೆ ಪುಸ್ತಕದ ಕೊನೆಯ ಭಾಗ ಬರೆಯಲು ಕೂತೆ. ಹೇಗೋ ಬಿಟ್ಟುಹೋಗಿದ್ದ ಒಂದು ಸಂಗತಿಯನ್ನು ನಡುವೆ ಸೇರಿಸಬೇಕಿತ್ತು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಆಸಾಮಾ ಎಂಬ ಅಗ್ನಿಪರ್ವತ ಬಾಯಿ ಬಿಟ್ಟಿತು. ಬೂದಿ, ಕಲ್ಲು, ರಾಡಿ ಸೇರಿದ ದೊಡ್ಡ ಹೊಳೆ ಬೆಟ್ಟದ ಹಳ್ಳಿಗಳನ್ನು ಹೊತ್ತುಕೊಂಡು ಉಪನದಿಯ ಮೂಲಕ ತೋನೆಗೆ ಬಂತು. ಪಾತ್ರ ಹೂಳು ತುಂಬಿ ಮೇಲೆದ್ದು, ಮುಂದೆ ಎಷ್ಟೋ ವರ್ಷ ಪ್ರವಾಹ ಹೆಚ್ಚಾಯಿತು. ಹಳ್ಳಿಯವರ ಹೆಣಗಳು ದಿನಗಟ್ಟಲೆ ತೇಲುತ್ತ ಕೆಳಗಿನ ಊರುಗಳನ್ನು ಮುಟ್ಟಿದವು, ಕೆಲವು ಎದೋ ಪಟ್ಟಣದ ಹತ್ತಿರದವರೆಗೂ. ಅಪ್ಪ ಕಂಬಕ್ಕೆ ಒರಗಿದ್ದ. ಬೇಕೆಂದೇ ಗಟ್ಟಿಯಾಗಿ ಓದಿದೆ. ಹೌದು, ಬೇಕೆಂದೇ.

"ಕೆಳಗಿನವ್ರು ಅವನ್ನ ಏನ್ ಮಾಡಿದ್ರು?" ಎಂದ ಅಪ್ಪ.

"ತಗದು ಮಣ್ಣು ಮಾಡಿದ್ರು. ದಂಡಿ ಮ್ಯಾಲ ಕಲ್ಲು ನೆಟ್ಟಾರ. ಇನ್ನೂ ಅದಾವಂತ."

"ಗುರ್ತು ಇಲ್ಲದವ್ರು."

"ಹೂಂ, ಗುರ್ತು ಇಲ್ಲದವ್ರು."

"ಛಲೋ ಆತು," ಎಂದ.

ನಾನು ಪೆನ್ನು ಇಟ್ಟೆ. "ಏನ್ ಛಲೋ ಆತು ಯಪ್ಪಾ? ನೆಲ್ಲಿಗಂತ ನೀ ಗೇಟ್ ಎತ್ತಿದಿ. ಇನ್ನೊಂದು ಮಧ್ಯಾಹ್ನ ತಡದಿದ್ರ ಅವ ಇಲ್ಲೇ ಸಿಗ್ತಿದ್ದ."

ಅಪ್ಪ ನನ್ನನ್ನು ನೋಡಲಿಲ್ಲ. "ಇಲ್ಲೇ ಸಿಗಬಾರದು ಅಂತನ ಎತ್ತಿದೆ," ಎಂದ.

ನನಗೆ ಅರ್ಥವಾಗಲಿಲ್ಲ. ಅವನು ಅಂಗೈಯಿಂದ ಮೊಣಕಾಲು ಉಜ್ಜಿಕೊಳ್ಳುತ್ತ ನಿಧಾನಕ್ಕೆ ಹೇಳಿದ.

"ಮೂವತ್ತು ವರ್ಷದಾಗ ಎಷ್ಟು ಮಂದೀನ ತಗದೀನಿ ನಾ. ಮೂರನೇ ದಿನ ನೀರು ಬತ್ತಿ ರಾಡ್ಯಾಗ ಸಿಕ್ಕ ಮನಿಷ್ಯಾ ಹೆಂಗಿರ್ತಾನ ಅಂತ ನನಗ ಗೊತ್ತೈತಿ. ಮೀನು, ಏಡಿ ಯಾವೂ ಬಿಟ್ಟಿರಂಗಿಲ್ಲ. ನಿಮ್ಮವ್ವ ಸೇತುವಿ ಬಿಟ್ಟು ಏಳವಲ್ಲಳು. ಕೈ ಹಿಡಿದು ಎಳದೆ, ಬರಲಿಲ್ಲ. ಅಕಿ ಕಣ್ಣ ಮುಂದ ಅದು ಮ್ಯಾಲ ಬರೋದಿತ್ತು. ಕೊನಿಯವ್ರಿಗೆ ಸಿಕ್ರ ಅವ್ರು ಮುಚ್ಚಿ ಕೊಡ್ತಾರ. ಹೊರಗಿನವ್ರು, ತಡ್ಕೊತಾರ. ಅದಕ್ಕ ಎತ್ತಿದೆ. ನೆಲ್ಲಿನ ಖಬರ ನನಗ ಇರಲಿಲ್ಲವ್ವ."

"ಮತ್ತ ನಿನ್ನೆ ಗೌಡರಿಗೆ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ಅವ್ರ ನೆಲ್ಲು ಉಳದೈತಿ, ಖುಷಿಲೆ ಬಂದಿದ್ರು."

ಆಗ ಬಾಗಿಲಲ್ಲಿ ಅವ್ವ ನಿಂತದ್ದು ಕಂಡಿತು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಅಪ್ಪನಿಗೆ ಕೈ ಮುಗಿದಾಳು, ಇಲ್ಲವೇ ಅತ್ತಾಳು ಎಂದುಕೊಂಡೆ.

"ನನಗ ನೋಡಬೇಕಿತ್ತು," ಎಂದಳು.

ಅಪ್ಪ ಮುಖ ಎತ್ತಿದ.

"ಹೆಂಗಿದ್ರೂ ನೋಡ್ತಿದ್ದೆ. ಹಡದಾಕಿ ನಾನು. ಎರಡು ದಿನ ಸೇತುವಿ ಮ್ಯಾಲ ಮತ್ತ್ಯಾಕ ಕುಂತಿದ್ದೆ?" ದನಿ ಏರಿರಲಿಲ್ಲ. ಬಂದು ಅಪ್ಪನ ಎದುರಿಗೆ ನೆಲದ ಮೇಲೆ ಕೂತಳು. "ನೀವು ನೋಡೀರಲ್ಲ, ಹೇಳ್ರಿ ಈಗ. ಹೆಂಗಿದ್ದ ನನ್ನ ಮಗ?"

ಅಪ್ಪ ಬೇಡ ಎಂದು ಕೈಯಾಡಿಸಿದ. ಅವಳು ಏಳಲಿಲ್ಲ. ಒಂದು ಸಲ ಗೋಡೆ, ಒಂದು ಸಲ ನನ್ನ ಹಾಳೆಗಳನ್ನು ನೋಡಿ, ಕೊನೆಗೆ ಅಪ್ಪ ಹೇಳತೊಡಗಿದ. ಇಲಾಖೆಯ ಪುಸ್ತಕದಲ್ಲಿ ದಿನಾ ನೀರಿನ ಮಟ್ಟ ಬರೆಯುವವನ ದನಿಯಲ್ಲೇ ಹೇಳಿದ. ತಲೆಯಿಂದ ಶುರುಮಾಡಿ ಪಾದದ ತನಕ, ಏನನ್ನೂ ಮುಚ್ಚಿಡದೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವ್ವ ನಡುವೆ ಒಮ್ಮೆಯೂ ತಡೆಯಲಿಲ್ಲ, ಆಗಾಗ ಹೂಂ ಎನ್ನುತ್ತಿದ್ದಳು. ಕೈಯ ಹಿಟ್ಟು ಒಣಗಿ ಉದುರುತ್ತಿತ್ತು.

"ಅಂಗಿ?" ಎಂದಳು, ಅವನು ನಿಲ್ಲಿಸಿದಾಗ.

"ನೀಲಿದು. ಮೈಮ್ಯಾಲೇ ಇತ್ತು. ಎದಿಕಡೆ ಒಂದು ಗುಂಡಿ ಇರಲಿಲ್ಲ, ನೀರಾಗ ಹೋಗಿರಬೇಕು."

"ನೀರಾಗ ಹೋಗಿದ್ದಲ್ಲ ಅದು," ಎಂದಳು ಅವ್ವ. "ಶನಿವಾರನ ಹರದಿತ್ತು. ಹಚ್ಚಿಕೊಡ ಯವ್ವಾ ಅಂದ. ನಾಳಿ ಹಚ್ಚತೀನಿ ಬಿಡೋ ಅಂದಿದ್ದೆ."

ಮಂಜ ಸತ್ತಿದ್ದಾನೆ ಎಂದು ನನಗೆ ಆಗ ಗೊತ್ತಾಯಿತು.